ಬೆಸಾಲ್ಟ್ ಮೇಲೆ ಬ್ರಂಟನ್: ಮುಳ್ಳಿಗಿಂತ ರಸಮಟ್ಟಕ್ಕೇ ಹೆಚ್ಚು ಅಂಕ

ಜ್ವಾಲಾಮುಖಿಯ ಕಲ್ಲುಪದರಗಳ ನಕ್ಷೆ ಮಾಡಲು ಹೊರಟವರು ಬ್ರಂಟನ್ ಪಾಕೆಟ್ ಟ್ರಾನ್ಸಿಟ್ ಎಂಬ ಭೂವಿಜ್ಞಾನಿಗಳ ದಿಕ್ಸೂಚಿ ಕೊಳ್ಳಬಹುದೇ? ಕೊಳ್ಳಬಹುದು. ಆದರೆ ದಿಕ್ಕು ತೋರಿಸುವ ಮುಳ್ಳಿಗಾಗಿ ಕೊಳ್ಳಬೇಡಿ. ಒಳಗಿನ ಉದ್ದ ರಸಮಟ್ಟ, ಮುಚ್ಚಳದ ಕನ್ನಡಿ, ಇಣುಕುವ ತೋಳು, ಈ ಮೂರಕ್ಕಾಗಿ ಕೊಳ್ಳಿ. ಸುಣ್ಣಕಲ್ಲು, ಮರಳುಗಲ್ಲಿನ ಪ್ರದೇಶದಲ್ಲಿ ಹೆಚ್ಚು ಯೋಚಿಸದೆ ನಂಬಬಹುದಾದ ಮುಳ್ಳು, ಲಾವಾ ಆರಿ ಆದ ಕಪ್ಪುಕಲ್ಲಾದ ಬೆಸಾಲ್ಟ್ ಮೇಲೆ ಬಂದಾಗ ಪ್ರತಿ ಅಳತೆಗೂ ಸಾಕ್ಷಿ ಬೇಡುತ್ತದೆ. ರಸಮಟ್ಟದ ಗುಳ್ಳೆಗೆ ಕಲ್ಲಿನ ಕಾಂತತೆಯ ಹಂಗಿಲ್ಲ. ಜ್ವಾಲಾಮುಖಿಯ ಮೇಲೆ ದಿನವಿಡೀ ದುಡಿಯುವುದು ಅದೇ.

ಡೇವಿಡ್ ಬ್ರಂಟನ್ ಎಂಬ ಗಣಿ ಎಂಜಿನಿಯರ್ 1894ರಲ್ಲಿ ಪೇಟೆಂಟ್ ಪಡೆದ ಈ ಉಪಕರಣದ ಮೂಲರಚನೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಅಂಗೈಯಲ್ಲಿ ಕೂರುವ ಲೋಹದ ಡಬ್ಬಿ. ಒಂದು ಕಡೆ ಕನ್ನಡಿ ಕೂಡಿಸಿದ ಮುಚ್ಚಳ, ಕನ್ನಡಿಯ ನಡುವೆ ಒಂದು ಗೆರೆ, ಅದರ ಬುಡದಲ್ಲಿ ಇಣುಕುಕಿಂಡಿ. ಎದುರು ಬದಿಯಲ್ಲಿ ಮಡಚುವ ತೋಳು, ಅದರ ತುದಿಯಲ್ಲಿ ಸಣ್ಣ ತೂತು. ಒಳಗೆ ಒಂದೊಂದು ಡಿಗ್ರಿಗೆ ಗೆರೆ ಎಳೆದ ಬಳೆ, ಮುಳ್ಳು, ಒಂದು ದುಂಡು ರಸಮಟ್ಟ, ಒಂದು ಉದ್ದ ರಸಮಟ್ಟ. ಉದ್ದನೆಯದು ವರ್ನಿಯರ್ (ಡಿಗ್ರಿಯ ಭಾಗಗಳನ್ನೂ ಓದಿಸುವ ಸಣ್ಣ ಅಳತೆಪಟ್ಟಿ) ತೋಳಿಗೆ ಅಂಟಿಕೊಂಡಿರುತ್ತದೆ. ಡಬ್ಬಿಯ ಬೆನ್ನಿನ ಹಿಡಿಯಿಂದ ಅದನ್ನು ತಿರುಗಿಸಬಹುದು. ಮುಳ್ಳಿನ ಕೋಣೆಯಲ್ಲಿ ದ್ರವ ಇಲ್ಲ. ಮುಳ್ಳು ಬೇಗ ನಿಲ್ಲುವುದು ಲೋಹದಲ್ಲಿ ಪ್ರೇರಿತವಾಗುವ ವಿದ್ಯುತ್ತಿನ ತಡೆಯಿಂದ. ಇದು ಸಣ್ಣ ಸಂಗತಿಯಂತೆ ಕಂಡರೂ ಎತ್ತರದ ಜ್ವಾಲಾಮುಖಿಗಳ ಮೇಲೆ ದೊಡ್ಡ ಲಾಭ. ದ್ರವ ತುಂಬಿದ ದಿಕ್ಸೂಚಿಗಳಲ್ಲಿ ಮೇಲೆ ಹೋದಂತೆ ಗುಳ್ಳೆ ಮೂಡಿ ಮುಳ್ಳಿಗೆ ಅಡ್ಡ ಬರುವುದುಂಟು. ಇಲ್ಲಿ ಆ ತಾಪತ್ರಯವೇ ಇಲ್ಲ.

ಮೊದಲ ಸಲ ಕೈಗೆತ್ತಿಕೊಂಡವರು ಬಳೆಯ ಮೇಲೆ ಪೂರ್ವ ಪಶ್ಚಿಮ ಅದಲುಬದಲಾಗಿರುವುದನ್ನು ಕಂಡು ತಯಾರಿಕೆಯ ದೋಷ ಅಂದುಕೊಳ್ಳುತ್ತಾರೆ. ದೋಷವಲ್ಲ. ಗುರಿಯತ್ತ ತಿರುಗುವುದು ಡಬ್ಬಿ, ಮುಳ್ಳು ಇದ್ದಲ್ಲೇ ಇರುತ್ತದೆ. ಹಾಗಾಗಿ ಅಕ್ಷರಗಳನ್ನು ಅದಲುಬದಲು ಮಾಡಿದರೆ ಮುಳ್ಳಿನ ಉತ್ತರದ ತುದಿ ನೇರವಾಗಿ ಗುರಿಯ ದಿಕ್ಕನ್ನೇ ಓದಿಸುತ್ತದೆ. ಡಿಕ್ಲಿನೇಷನ್ (ನಿಜವಾದ ಉತ್ತರಕ್ಕೂ ಮುಳ್ಳು ತೋರುವ ಉತ್ತರಕ್ಕೂ ನಡುವಿನ ಕೋನ) ತಿದ್ದಲು ಡಬ್ಬಿಯ ಪಕ್ಕದಲ್ಲಿ ತಿರುಪು ಇದೆ, ಅದನ್ನು ತಿರುಗಿಸಿದರೆ ಬಳೆ ಇಡಿಯಾಗಿ ಸರಿಯುತ್ತದೆ. ಹಳೆಯ ಟೋಪೋಶೀಟಿನ (ನೆಲದ ಏರಿಳಿತ ತೋರಿಸುವ ನಕ್ಷೆಯ) ಅಂಚಿನಲ್ಲಿ ಅಚ್ಚಾದ ಡಿಕ್ಲಿನೇಷನ್ ಬಳಸಬೇಡಿ, ಆ ಬೆಲೆ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ವಿಶ್ವ ಕಾಂತೀಯ ಮಾದರಿ ಐದು ವರ್ಷಕ್ಕೊಮ್ಮೆ ಹೊಸದಾಗುತ್ತದೆ; ಅದರಿಂದ ಕೆಲಸದ ಜಾಗಕ್ಕೂ ತಾರೀಖಿಗೂ ಲೆಕ್ಕ ಹಾಕಿ ತಿರುಪು ಕೂಡಿಸಿ, ಕೂಡಿಸಿದ ಬೆಲೆಯನ್ನು ಫೀಲ್ಡ್ ಪುಸ್ತಕದ ಮೊದಲ ಪುಟದಲ್ಲೇ ಬರೆಯಿರಿ. ಒಂದೇ ತಂಡದಲ್ಲಿ ಒಬ್ಬರು ತಿದ್ದಿ, ಇನ್ನೊಬ್ಬರು ತಿದ್ದದೆ ಅಳೆದ ನಕ್ಷೆಯನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ.

ಇನ್ನು ಮುಳ್ಳಿನ ವಿಷಯ. ಬೆಸಾಲ್ಟ್, ಆಂಡಿಸೈಟ್ ಲಾವಾಗಳಲ್ಲಿ ಕಾಂತಗುಣವಿರುವ ಮ್ಯಾಗ್ನಟೈಟ್ ಜಾತಿಯ ಖನಿಜ ಕಾಳುಕಾಳಾಗಿ ಹರಡಿರುತ್ತದೆ. ಲಾವಾ ಆರುವಾಗ ಆ ಕಾಲದ ಭೂಕಾಂತ ಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ದಿಕ್ಸೂಚಿಯನ್ನು ಕಲ್ಲಿನ ಮೇಲೆಯೇ ಇಟ್ಟರೆ ಮುಳ್ಳು ಭೂಮಿಯ ಕ್ಷೇತ್ರದ ಜೊತೆಗೆ ಈ ಹಳೆಯ ಕ್ಷೇತ್ರವನ್ನೂ ಓದುತ್ತದೆ. ಸಾಮಾನ್ಯ ಲಾವಾದ ಮೇಲೆ ಎದೆಯೆತ್ತರದಲ್ಲಿ ಹಿಡಿದರೆ ತಪ್ಪು ಬಹುಮಟ್ಟಿಗೆ ಸಣ್ಣದೇ. ಸಿಡಿಲು ಬಡಿದ ಬಂಡೆಯ ಕತೆ ಬೇರೆ. ಸಿಡಿಲಿನ ಪ್ರವಾಹ ಹತ್ತಾರು ಸಾವಿರ ಆಂಪಿಯರ್ ಮುಟ್ಟುತ್ತದೆ. ಅದು ಹರಿದ ಜಾಗದ ಸುತ್ತ ಕೆಲವು ಮೀಟರ್ ಕಲ್ಲು ಬಲವಾದ ಕಾಂತವಾಗಿಬಿಡುತ್ತದೆ. ಅಲ್ಲಿ ಮುಳ್ಳು ಹತ್ತಾರು ಡಿಗ್ರಿ ವಾಲಬಹುದು, ಒಂದೇ ಹೆಜ್ಜೆಯ ಅಂತರದಲ್ಲಿ ಬೇರೆ ಬೇರೆ ದಿಕ್ಕು ತೋರಿಸಬಹುದು. ಸಿಡಿಲು ಹೆಚ್ಚಾಗಿ ಬಡಿಯುವುದು ಏಣು, ಶಿಖರ, ಕೇಲ್ಡೆರಾದ (ಜ್ವಾಲಾಮುಖಿ ಕುಸಿದು ಆದ ದೊಡ್ಡ ಕುಳಿಯ) ಅಂಚಿಗೆ. ಸುತ್ತಲಿನ ನೋಟ ಚೆನ್ನಾಗಿ ಸಿಗುವುದೂ ಅಲ್ಲೇ. ಹಾಗಾಗಿ ಬೇರಿಂಗ್ (ಉತ್ತರದಿಂದ ಗುರಿಯವರೆಗಿನ ಕೋನ) ತೆಗೆದುಕೊಳ್ಳಲು ಮನಸ್ಸು ಎಳೆಯುವ ಜಾಗಗಳೇ ಅತಿ ಹೆಚ್ಚು ಕೆಟ್ಟಿರುತ್ತವೆ.

10 ಡಿಗ್ರಿ ತಪ್ಪಿದರೆ ಏನಾಗುತ್ತದೆ? 500 ಮೀಟರ್ ದೂರದ ಗುರಿ 88 ಮೀಟರ್ ಪಕ್ಕಕ್ಕೆ ಹೋಗುತ್ತದೆ. 1:10,000 ಅಳತೆಯ ನಕ್ಷೆಯಲ್ಲಿ ಅದು ಸುಮಾರು 9 ಮಿಲಿಮೀಟರ್. ಎರಡು ಲಾವಾ ಹರಿವುಗಳ ನಡುವಿನ ಗಡಿಗೆರೆ ಪಕ್ಕದ ಕಣಿವೆಗೆ ಜಾರಲು ಅಷ್ಟು ಸಾಕು.

ಕೆಟ್ಟ ಜಾಗವನ್ನು ಪತ್ತೆ ಹಚ್ಚಲು ಬ್ರಂಟನ್ ಒಂದೇ ಸಾಕು. ನಾಲ್ಕೈದು ಕಿಲೋಮೀಟರ್ ದೂರದ, ನಕ್ಷೆಯಲ್ಲಿರುವ ಒಂದು ಶಿಖರ ಹಿಡಿಯಿರಿ. ಅದರ ಬೇರಿಂಗ್ ಓದಿ. ಐದು ಮೀಟರ್ ಪಕ್ಕಕ್ಕೆ ಸರಿದು ಮತ್ತೆ ಓದಿ, ಇನ್ನೊಂದು ಐದು ಮೀಟರ್ ಸರಿದು ಮತ್ತೊಮ್ಮೆ. 5 ಕಿಲೋಮೀಟರ್ ದೂರದ ಶಿಖರಕ್ಕೆ 5 ಮೀಟರ್ ಸರಿದರೆ ಬೇರಿಂಗ್ ಬದಲಾಗಬೇಕಾದದ್ದು 0.06 ಡಿಗ್ರಿ, ಅಂದರೆ ಓದಲಾಗದಷ್ಟು ಸಣ್ಣದು. ಮೂರು ಓದುಗಳ ನಡುವೆ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಜಾಗ ನಂಬಿಕೆಗೆ ಅರ್ಹವಲ್ಲ.

ತಿದ್ದುವ ಬಗೆಯೂ ಇದೆ. ನೀವು ನಿಂತ ಜಾಗ ನಕ್ಷೆಯಲ್ಲಿ ಖಚಿತವಾಗಿ ಗೊತ್ತಿದ್ದರೆ, ಆ ಶಿಖರದ ಬೇರಿಂಗನ್ನು ನಕ್ಷೆಯಿಂದಲೇ ಅಳೆಯಿರಿ. ನಕ್ಷೆ 118 ಎನ್ನುತ್ತದೆ, ಮುಳ್ಳು 131 ಎನ್ನುತ್ತದೆ ಎಂದುಕೊಳ್ಳಿ. ಆ ಜಾಗದ ತಪ್ಪು 13 ಡಿಗ್ರಿ. ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಹಿಡಿದು ಓದಿದ ಉಳಿದೆಲ್ಲ ಬೇರಿಂಗುಗಳಿಂದಲೂ 13 ಕಳೆದರೆ ಸರಿಯಾಗುತ್ತದೆ. ಮುಳ್ಳು ವಾಲಿದ್ದರೂ ಎರಡು ಗುರಿಗಳ ನಡುವಿನ ಕೋನ ಕೆಡುವುದಿಲ್ಲ ಎಂಬುದೇ ಇದರ ಮೂಲ. "ಅದೇ ಎತ್ತರದಲ್ಲಿ" ಎಂಬ ಮಾತನ್ನು ಮಾತ್ರ ಮರೆಯಬಾರದು. ಎದೆಯೆತ್ತರದಲ್ಲಿ ಕಂಡುಕೊಂಡ ತಿದ್ದುಪಡಿಯನ್ನು ಕಲ್ಲಿನ ಮೇಲಿಟ್ಟು ಓದಿದ ಸ್ಟ್ರೈಕಿಗೆ (ವಾಲಿದ ಪದರದ ಮೇಲಿನ ಸಮತಲ ಗೆರೆಯ ದಿಕ್ಕಿಗೆ) ಹಾಕಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂಡುತ್ತದೆ.

ಇಬ್ಬರಿದ್ದರೆ ಹಿಂದುಮುಂದಿನ ಓದು ಒಳ್ಳೆಯದು. ಇತ್ತಲಿಂದ 62 ಬಂದರೆ ಅತ್ತಲಿಂದ 242 ಬರಬೇಕು. 255 ಬಂದರೆ ಎರಡರಲ್ಲಿ ಒಂದು ತುದಿಯಾದರೂ ಕೆಟ್ಟಿದೆ. ಇಲ್ಲಿ ಸರಾಸರಿ ತೆಗೆಯುವ ಅಭ್ಯಾಸ ಬಹಳ ಜನರಿಗಿದೆ, ದಯವಿಟ್ಟು ಬಿಡಿ. ಒಂದು ತುದಿ ಮಾತ್ರ ಕೆಟ್ಟಿದ್ದರೆ ಸರಾಸರಿಯು ಸರಿಯಿದ್ದ ಓದನ್ನೂ ಹಾಳುಮಾಡುತ್ತದೆ. ಒಂದು ತುದಿಯವರು ಹತ್ತಿಪ್ಪತ್ತು ಮೀಟರ್ ಸರಿದು ಮತ್ತೆ ಓದಲಿ. ಮೋಡವಿಲ್ಲದ ದಿನ ಸೂರ್ಯನೂ ಸಾಕ್ಷಿ ಹೇಳುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಡ್ಡಿಯ ನೆರಳಿನ ಬೇರಿಂಗ್ ಓದಿ, ಸಮಯ ಬರೆದುಕೊಂಡು, ಆ ಸಮಯಕ್ಕೆ ಲೆಕ್ಕದಿಂದ ಬರುವ ಸೂರ್ಯನ ದಿಕ್ಕಿನ ಜೊತೆ ಹೋಲಿಸಿ. ಇದಕ್ಕೆ ಬೆಳಗ್ಗೆ ಅಥವಾ ಸಂಜೆ ಸೂಕ್ತ. ನಡುಮಧ್ಯಾಹ್ನ, ಅದರಲ್ಲೂ ಉಷ್ಣವಲಯದಲ್ಲಿ, ಸೂರ್ಯನ ದಿಕ್ಕು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ, ನೆರಳೂ ಗಿಡ್ಡ.

ಕಲ್ಲನ್ನು ದೂರುವ ಮುಂಚೆ ಮೈಮೇಲಿನದನ್ನೂ ನೋಡಿಕೊಳ್ಳಿ. ಸೊಂಟದ ಸುತ್ತಿಗೆ, ಉಕ್ಕಿನ ಕ್ಲಿಪ್ ಇರುವ ಬರೆಯುವ ಹಲಗೆ, ಅಯಸ್ಕಾಂತದ ಮುಚ್ಚಳವಿರುವ ಫೋನ್ ಕವಚ, ಉಕ್ಕಿನ ಭಾಗಗಳಿರುವ ನಡೆಗೋಲು, ಎಲ್ಲವೂ ಮುಳ್ಳನ್ನು ಎಳೆಯುತ್ತವೆ. ಸುತ್ತಿಗೆಯನ್ನು ಎರಡು ಮೀಟರ್ ಆಚೆ ಇಟ್ಟು ಬನ್ನಿ.

ಮುಳ್ಳನ್ನು ಪಕ್ಕಕ್ಕಿಟ್ಟು ಪದರದ ಓಟವನ್ನೂ (ಸ್ಟ್ರೈಕ್) ವಾಲನ್ನೂ (ಡಿಪ್) ಹಿಡಿಯುವ ದಾರಿಯಲ್ಲಿ ಬ್ರಂಟನ್ನಿನ ನಿಜವಾದ ಯೋಗ್ಯತೆ ಕಾಣುತ್ತದೆ. ಹಲವು ಲಾವಾಗಳ ಮೇಲ್ಮೈ ಚಿಂದಿಚಿಂದಿಯಾದ ಕ್ಲಿಂಕರ್, ಅಂದರೆ ಒರಟು ಕಲ್ಲುಂಡೆಗಳ ರಾಶಿ. ಅದರ ಮೇಲೆ ಡಬ್ಬಿಯ ಅಂಚು ಇಟ್ಟು ಡಿಪ್ ಓದಿದರೆ ಸಿಗುವುದು ಒಂದು ಕಲ್ಲುಂಡೆಯ ವಾಲು, ಪದರದ್ದಲ್ಲ. ಶೀಲ್ಡ್ ಜ್ವಾಲಾಮುಖಿಯ (ಗುರಾಣಿಯಂತೆ ಅಗಲವಾಗಿ ಹರಡಿದ್ದರ) ಇಳಿಜಾರು ಸಾಮಾನ್ಯವಾಗಿ 10 ಡಿಗ್ರಿಯೊಳಗೇ ಇರುತ್ತದೆ. 4 ಡಿಗ್ರಿಯ ಪದರದಲ್ಲಿ 1 ಡಿಗ್ರಿ ತಪ್ಪಿದರೂ ಕಾಲುಭಾಗ ಹೋಯಿತು. ಹಾಗಾಗಿ ದೂರದಿಂದ ಅಳೆಯಿರಿ. ಎದುರು ಗೋಡೆಯಲ್ಲಿ ಪದರ ಕಾಣುವಂತೆ, ಪದರದ ಓಟದ ನೇರಕ್ಕೆ ನಿಂತುಕೊಳ್ಳಿ. ಡಬ್ಬಿಯನ್ನು ನೆಟ್ಟಗೆ ಹಿಡಿದು ಅದರ ಅಂಚನ್ನು ಪದರದ ಗೆರೆಗೆ ಕೂಡಿಸಿ, ಹಿಡಿ ತಿರುಗಿಸಿ ಗುಳ್ಳೆ ನಡುವೆ ತಂದು ವರ್ನಿಯರ್ ಓದಿ. ಓಟದ ನೇರಕ್ಕೆ ನಿಲ್ಲಬೇಕೆಂಬ ಷರತ್ತು ಬಲು ಮುಖ್ಯ. 30 ಡಿಗ್ರಿ ವಾಲಿದ ಪದರವನ್ನು 40 ಡಿಗ್ರಿ ಓರೆಯಿಂದ ನೋಡಿದರೆ 24 ಡಿಗ್ರಿಯಂತೆ ಕಾಣುತ್ತದೆ.

ಇನ್ನೂ ನೆಚ್ಚಬಹುದಾದದ್ದು ಮೂರು ಬಿಂದುಗಳ ಲೆಕ್ಕ. ಒಂದು ಬಿಳಿ ಬೂದಿಪದರದ ತಳ ಎರಡು ಕಡೆ 2,140 ಮೀಟರ್ ಎತ್ತರದಲ್ಲಿ ಸಿಕ್ಕರೆ ಆ ಎರಡನ್ನೂ ಸೇರಿಸುವ ಗೆರೆಯೇ ಸ್ಟ್ರೈಕ್. ಆ ಗೆರೆಗೆ ಲಂಬವಾಗಿ 150 ಮೀಟರ್ ದೂರದಲ್ಲಿ ಅದೇ ತಳ 2,104 ಮೀಟರಿನಲ್ಲಿ ಸಿಕ್ಕರೆ ಇಳಿದದ್ದು 36 ಮೀಟರ್, ಡಿಪ್ 13.5 ಡಿಗ್ರಿ. ಮುಳ್ಳು ಇಲ್ಲಿ ಬೇಕೇ ಇಲ್ಲ. ಎತ್ತರಗಳನ್ನು ಜಿಪಿಎಸ್‌ನಿಂದ ತೆಗೆದುಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಜಿಪಿಎಸ್‌ನ ಎತ್ತರದ ತಪ್ಪು ಸಮತಲದ ತಪ್ಪಿಗಿಂತ ದೊಡ್ಡದು, ಕೇಲ್ಡೆರಾ ಗೋಡೆಯ ಬುಡದಲ್ಲಿ ಆಕಾಶ ಅರ್ಧ ಮುಚ್ಚಿದಾಗ ಇನ್ನೂ ಹೆಚ್ಚು. ಬಿಂದುಗಳು ಹತ್ತಿರವಿದ್ದರೆ ಎತ್ತರದ ವ್ಯತ್ಯಾಸವನ್ನು ಬ್ರಂಟನ್ನಿನ ರಸಮಟ್ಟದಿಂದಲೇ ತೆಗೆಯಿರಿ.

ಡಿಪ್ ಓದಿದ ಮೇಲೆ ಅದರ ಅರ್ಥವನ್ನೂ ವಿಚಾರಿಸಬೇಕು. ಜ್ವಾಲಾಮುಖಿಯ ಪದರ ಹುಟ್ಟುವಾಗಲೇ ವಾಲಿರುತ್ತದೆ. ಸ್ಕೋರಿಯಾ (ತೂತುತೂತಾದ ಲಾವಾ ಚೂರು) ರಾಶಿಬಿದ್ದ ಶಂಕುವಿನಲ್ಲಿ ಸಡಿಲ ಕಾಳುಗಳು 30ರಿಂದ 35 ಡಿಗ್ರಿಯವರೆಗೆ ತಾವಾಗಿಯೇ ನಿಲ್ಲುತ್ತವೆ. ಆ ಡಿಪ್ ನೋಡಿ ನೆಲ ಮಡಚಿದೆ ಅಂತ ಬರೆದರೆ ಇಡೀ ನಕ್ಷೆ ದಾರಿ ತಪ್ಪುತ್ತದೆ. ಆಕಾಶದಿಂದ ಉದುರಿದ ಬೂದಿ, ಪ್ಯೂಮಿಸ್ (ನೊರೆಯಂತೆ ಹಗುರಾದ ಕಲ್ಲು) ದಿಣ್ಣೆಯ ಮೇಲೂ ತಗ್ಗಿನ ಮೇಲೂ ಹೆಚ್ಚುಕಡಿಮೆ ಒಂದೇ ದಪ್ಪಕ್ಕೆ ಕಂಬಳಿ ಹೊದಿಸಿದಂತೆ ಕೂರುತ್ತದೆ. ಅದರ ಡಿಪ್ ಅಂದರೆ ಹಳೆಯ ನೆಲದ ಇಳಿಜಾರು. ಬಿಸಿ ಬೂದಿ-ಅನಿಲದ ಪ್ರವಾಹ ಬಿಟ್ಟುಹೋದ ಪದರ ಕಣಿವೆಯಲ್ಲಿ ದಪ್ಪ, ಏಣಿನ ಮೇಲೆ ತೆಳು. ಹಾಗಾಗಿ ಪ್ರತಿ ಡಿಪ್ ಓದಿನ ಪಕ್ಕದಲ್ಲಿ ಆ ಪದರದ ಜಾತಿ, ಅದು ಕೂತ ಹಳೆಯ ನೆಲದ ಆಕಾರ ಎರಡನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಬರೀ ಅಂಕಿಗೆ ಜ್ವಾಲಾಮುಖಿಯ ಮೇಲೆ ಬೆಲೆ ಕಡಿಮೆ.

ಈಗ ಒಂದು ಕಡಿದ ಗೋಡೆಯ ಮುಂದೆ ನಿಂತಿದ್ದೀರಿ ಎನ್ನಿ. ತಳದಲ್ಲಿ 40 ಸೆಂಟಿಮೀಟರ್ ಕಂದು ಮಣ್ಣು, ಬೇರಿನ ತೂತುಗಳು ಇನ್ನೂ ಕಾಣುತ್ತಿವೆ. ಅದರ ಮೇಲೆ 3 ಸೆಂಟಿಮೀಟರ್ ಬೂದು ಬಣ್ಣದ ನಯ ಬೂದಿ, ಉಗುರಿನಲ್ಲಿ ಕೆರೆದರೆ ಹಿಟ್ಟಿನಂತೆ ಉದುರುತ್ತದೆ. ಮೇಲೆ 65 ಸೆಂಟಿಮೀಟರ್ ಪ್ಯೂಮಿಸ್. ಕಾಳುಗಳು ಒಂದಕ್ಕೊಂದು ತಾಗಿ ನಿಂತಿವೆ, ನಡುವೆ ನುಣುಪು ಪುಡಿ ಇಲ್ಲ, ಹೆಚ್ಚಿನವು 2ರಿಂದ 64 ಮಿಲಿಮೀಟರ್ ಒಳಗೆ, ಅಂದರೆ ಲ್ಯಾಪಿಲ್ಲಿ. ಅದರ ಮೇಲೆ 12 ಸೆಂಟಿಮೀಟರ್ ಓರೆಗೆರೆಗಳ ಪದರ, ನೆಲ ಸವರಿಕೊಂಡು ಹೋದ ಬೀಸಿನ ಗುರುತು. ಆಮೇಲೆ ಪದರವೇ ಕಾಣದ, ದಪ್ಪ ಕಾಳೂ ನಯ ಬೂದಿಯೂ ಕಲಸಿಹೋದ ಇಗ್ನಿಂಬ್ರೈಟ್ (ಬಿಸಿ ಬೂದಿ-ಅನಿಲದ ಪ್ರವಾಹ ಬಿಟ್ಟುಹೋದ ಪದರ), ತಲೆಗಿಂತ ಎಷ್ಟೋ ಮೇಲಕ್ಕೆ. ಮೊದಲ ನಾಲ್ಕನ್ನು ಟೇಪಿನಲ್ಲಿ ಅಳೆಯಿರಿ. ಪ್ಯೂಮಿಸ್ ಪದರದಲ್ಲಿ ಅತಿ ದೊಡ್ಡ ಐದು ಕಲ್ಲುಚೂರುಗಳ ಅಳತೆಯನ್ನೂ ಬರೆದುಕೊಳ್ಳಿ, ಆಮೇಲೆ ಸಮಗಾತ್ರದ ನಕ್ಷೆಗೆ (ಒಂದೇ ಗಾತ್ರದ ಚೂರು ಬಿದ್ದ ಜಾಗಗಳನ್ನು ಗೆರೆಯಿಂದ ಕೂಡಿಸುವುದಕ್ಕೆ) ಬೇಕಾಗುತ್ತದೆ. ತಳದ ಕಂದು ಮಣ್ಣನ್ನು ಕಡೆಗಣಿಸಬೇಡಿ. ಎರಡು ಸ್ಫೋಟಗಳ ನಡುವೆ ಗಿಡ ಬೆಳೆಯುವಷ್ಟು ಬಿಡುವಿತ್ತು ಎಂದು ಹೇಳುವುದು ಅದೊಂದೇ. ನಕ್ಷೆಯ ಘಟಕಗಳನ್ನು ಬೇರೆಮಾಡಲು ಅದಕ್ಕಿಂತ ಒಳ್ಳೆಯ ಗಡಿ ಸಿಗುವುದಿಲ್ಲ. ಮೇಲೆ ಲಾವಾ ಹರಿದಿದ್ದರೆ ಆ ಮಣ್ಣು ಇಟ್ಟಿಗೆಯಂತೆ ಸುಟ್ಟು ಕೆಂಪಾಗಿರುತ್ತದೆ.

ಇಗ್ನಿಂಬ್ರೈಟಿನ ದಪ್ಪಕ್ಕೆ ಟೇಪು ಸಾಲದು. ಇಲ್ಲಿ ಬ್ರಂಟನ್ ತೆಗೆಯಿರಿ. ವರ್ನಿಯರನ್ನು ಸೊನ್ನೆಗೆ ಕೂಡಿಸಿ, ಮುಚ್ಚಳವನ್ನು ಸುಮಾರು 45 ಡಿಗ್ರಿಗೆ ಮಡಚಿ, ತೋಳಿನ ತೂತಿನಿಂದ ಕನ್ನಡಿಯ ಕಿಂಡಿಯ ಮೂಲಕ ನೋಡಿ. ಕನ್ನಡಿಯಲ್ಲಿ ರಸಮಟ್ಟದ ಗುಳ್ಳೆ ಕಾಣುತ್ತದೆ. ಗುಳ್ಳೆ ನಡುವೆ ಬಂದ ಕ್ಷಣ ಕಿಂಡಿಯ ಗೆರೆ ತಾಗಿದ ಕಲ್ಲು ನಿಮ್ಮ ಕಣ್ಣಿನ ಎತ್ತರದಲ್ಲಿದೆ. ಆ ಕಲ್ಲಿನ ಗುರುತು ಬಿಡದೆ ಪಕ್ಕದ ಇಳಿಜಾರು ಹತ್ತಿ, ಅದರ ಮೇಲೆ ಪಾದವಿಟ್ಟು ಮತ್ತೆ ನೋಡಿ. ಕಣ್ಣಿನ ಎತ್ತರ 1.6 ಮೀಟರ್ ಇದ್ದು 12 ನೋಟ ಆದ ಮೇಲೆ 0.7 ಮೀಟರ್ ಉಳಿದರೆ ಒಟ್ಟು 19.9 ಮೀಟರ್. ಕಣ್ಣಿನ ಎತ್ತರವನ್ನು ಬೂಟು ಹಾಕಿಕೊಂಡೇ ಅಳೆದಿಟ್ಟುಕೊಳ್ಳಿ. 3 ಸೆಂಟಿಮೀಟರ್ ತಪ್ಪಿದರೆ 12 ನೋಟಕ್ಕೆ 36 ಸೆಂಟಿಮೀಟರ್ ಸೇರಿಬಿಡುತ್ತದೆ.

ಹೀಗೆ ಸಿಗುವುದು ನೆಟ್ಟನೆಯ ಎತ್ತರ. ಪದರ ವಾಲಿದ್ದರೆ ನಿಜವಾದ ದಪ್ಪ ಅದಕ್ಕಿಂತ ಕಡಿಮೆ. ಡಿಪ್ಪಿನ ಕೊಸೈನಿನಿಂದ ಗುಣಿಸಬೇಕು. 28 ಡಿಗ್ರಿ ವಾಲಿದ ಪದರಕ್ಕೆ ನೆಟ್ಟನೆ 20 ಮೀಟರ್ ಬಂದರೆ ದಪ್ಪ 17.7 ಮೀಟರ್. ಗುಣಾಕಾರ ತಪ್ಪಿಸಬೇಕೆಂದರೆ 1.5 ಮೀಟರಿನ ಮರದ ಕೋಲಿನ ತುದಿಗೆ ಬ್ರಂಟನ್ ಹಿಡಿದು, ವರ್ನಿಯರನ್ನು ಡಿಪ್ಪಿನ ಅಂಕಿಗೆ ಕೂಡಿಸಿ, ಗುಳ್ಳೆ ನಡುವೆ ಬರುವತನಕ ಕೋಲು ವಾಲಿಸಿ. ಆಗ ಕೋಲು ಪದರಕ್ಕೆ ಲಂಬವಾಗಿ ನಿಲ್ಲುತ್ತದೆ, ಪ್ರತಿ ನೋಟಕ್ಕೂ 1.5 ಮೀಟರ್ ನಿಜದಪ್ಪವೇ ಸಿಗುತ್ತದೆ. ನೋಟ ಮಾತ್ರ ಡಿಪ್ಪಿನ ದಿಕ್ಕಿನ ನೇರದಲ್ಲೇ ಇರಬೇಕು. ಈ ಒಂದು ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವ ಇನ್ನೊಂದು ಅಂಗೈ ಉಪಕರಣ ನಮಗೆ ಗೊತ್ತಿಲ್ಲ.

ಬದಲಿಗಳ ಬಗ್ಗೆ ಎರಡು ಮಾತು. 1954ರಲ್ಲಿ ಭೂವಿಜ್ಞಾನಿ ಕ್ಲಾರ್ ಪರಿಚಯಿಸಿದ ಮಾದರಿಯ ದಿಕ್ಸೂಚಿಯಲ್ಲಿ ಮುಚ್ಚಳವನ್ನು ಕಲ್ಲಿನ ಮುಖಕ್ಕೆ ಒತ್ತಿ, ಡಬ್ಬಿಯನ್ನು ಸಮಮಾಡಿದರೆ ಡಿಪ್ಪಿನ ದಿಕ್ಕು ಮುಳ್ಳಿನಲ್ಲೂ ಡಿಪ್ ಕೀಲಿನಲ್ಲೂ ಒಮ್ಮೆಗೇ ಸಿಗುತ್ತದೆ. ನೂರಾರು ಬಿರುಕು, ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸ) ಗೋಡೆ ಅಳೆಯುವವರಿಗೆ ಇದರ ವೇಗ ಬಹಳ ಅನುಕೂಲ. ಬೆಸಾಲ್ಟಿನಲ್ಲಿ ಅದೇ ತೊಡಕು: ಮುಳ್ಳು ಕಲ್ಲಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತದೆ. ರಯೊಲೈಟ್ (ತಿಳಿಬಣ್ಣದ, ಕಬ್ಬಿಣ ಕಡಿಮೆಯಿರುವ ಲಾವಾಕಲ್ಲು), ಬಿಳಿ ಪ್ಯೂಮಿಸ್ ಪದರಗಳಲ್ಲಿ ತೊಂದರೆ ಕಡಿಮೆ. ಫೋನಿನ ಆ್ಯಪ್‌ಗಳಲ್ಲಿ ಡಿಪ್ ಚೆನ್ನಾಗಿ ಬರುತ್ತದೆ, ಏಕೆಂದರೆ ಅದು ಗುರುತ್ವವನ್ನು ಓದುತ್ತದೆ. ದಿಕ್ಕು ಮಾತ್ರ ಕಾಂತಸಂವೇದಕದಿಂದ ಬರುವುದರಿಂದ ಕಲ್ಲಿನ ತಪ್ಪೆಲ್ಲ ಅದಕ್ಕೂ ತಗಲುತ್ತದೆ. ಕಲ್ಲಿನ ಪಕ್ಕದಲ್ಲೇ ಫೋನನ್ನು ಎಂಟರಾಕಾರದಲ್ಲಿ ತಿರುಗಿಸಿ ಕ್ಯಾಲಿಬ್ರೇಟ್ ಮಾಡಿದರೆ ತಪ್ಪು ಒಳಗೇ ಕೂತುಬಿಡುತ್ತದೆ. ಮುಳ್ಳು ತಡಕಾಡಿದರೆ ಕಣ್ಣಿಗೆ ಕಾಣುತ್ತದೆ. ಪರದೆ ಮೇಲಿನ ಅಂಕಿ ತಪ್ಪಿದ್ದರೂ ಸರಿಯಾದದ್ದರಂತೆಯೇ ಕಾಣುತ್ತದೆ.

ನಿರ್ವಹಣೆಗೆ ಬಂದರೆ, ಜ್ವಾಲಾಮುಖಿ ಬೂದಿ ಗಾಜಿನ ಪುಡಿ. ಕೀಲಿಗೆ, ಮುಳ್ಳೆತ್ತುವ ಗುಂಡಿಯ ತೂತಿಗೆ ಸೇರಿದರೆ ಉಜ್ಜಿ ಸವೆಸುತ್ತದೆ. ಬಟ್ಟೆಯಿಂದ ಒರೆಸಿದರೆ ಕನ್ನಡಿ ಗೀರಾಗುತ್ತದೆ. ಮೊದಲು ಊದುಬುರುಡೆಯಿಂದ ಊದಿ, ಆಮೇಲೆ ಒದ್ದೆ ಬಟ್ಟೆ. ಗಂಧಕದ ಹಬೆ ಏಳುವ ಜಾಗದಲ್ಲಿ ಕೆಲಸ ಮಾಡಿದ ದಿನ ಸಂಜೆ ಕೀಲು, ತಿರುಪುಗಳನ್ನು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಆಮ್ಲ ಕೂತರೆ ಲೋಹ ತಿನ್ನುತ್ತದೆ. ನಡೆಯುವಾಗ ಮುಚ್ಚಳ ಮುಚ್ಚಿಯೇ ಇರಲಿ. ಮುಚ್ಚಿದಾಗ ಮುಳ್ಳು ತಾನು ಕೂತು ತಿರುಗುವ ಮೊಳೆಯಿಂದ ಮೇಲೆದ್ದು ನಿಲ್ಲುತ್ತದೆ, ಮೊಳೆಯ ಮೊನೆ ಸವೆಯುವುದಿಲ್ಲ. ಚಳಿಗೆ ರಸಮಟ್ಟದ ಗುಳ್ಳೆ ದೊಡ್ಡದಾಗುವುದು, ಬಿಸಿಲಿಗೆ ಚಿಕ್ಕದಾಗುವುದು ಸಹಜ. ಎರಡು ತುದಿ ಗೆರೆಗಳಿಗೂ ಸಮ ದೂರದಲ್ಲಿದ್ದರೆ ಸಾಕು.

ಕೊಳ್ಳುವ ಮುಂಚೆ, ಅದರಲ್ಲೂ ಹಳೆಯದನ್ನು ಕೊಳ್ಳುವ ಮುಂಚೆ, ನಾಲ್ಕು ಪರೀಕ್ಷೆ ಮಾಡಿ. ಸಮತಟ್ಟು ಮೇಜಿನ ಮೇಲೆ ಡಬ್ಬಿಯನ್ನು ಅಂಚಿನ ಮೇಲೆ ನಿಲ್ಲಿಸಿ ಗುಳ್ಳೆ ನಡುವೆ ತಂದು ಓದಿ, ಡಬ್ಬಿಯ ಎಡಬಲ ತಿರುಗಿಸಿ ಅದೇ ಅಂಚಿನ ಮೇಲೆ, ಅದೇ ಗೆರೆಯ ಮೇಲೆ ನಿಲ್ಲಿಸಿ ಮತ್ತೆ ಓದಿ. ಎರಡು ಓದು ಸೊನ್ನೆಯ ಆಚೀಚೆ ಸಮವಾಗಿರಬೇಕು. ಮುಳ್ಳನ್ನು ಉಕ್ಕಿನ ಚಾವಿಯಿಂದ ಎಳೆದು ಬಿಡಿ, ಪ್ರತಿ ಸಲವೂ ಅದೇ ಡಿಗ್ರಿಗೆ ಮರಳಬೇಕು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮೊಳೆ ಸವೆದಿದೆ. ಮುಚ್ಚಳದ ಕೀಲು 45 ಡಿಗ್ರಿಯಲ್ಲಿ ತಾನಾಗಿ ನಿಲ್ಲುವಷ್ಟು ಬಿಗಿ ಇರಬೇಕು. ಕೊನೆಯದಾಗಿ ಮುಳ್ಳಿನ ತೂಕ ಯಾವ ಪ್ರದೇಶಕ್ಕೆ ಹೊಂದಿಸಿದ್ದು ಎಂದು ಕೇಳಿ. ಉತ್ತರ ಗೋಳದ ಎತ್ತರದ ಅಕ್ಷಾಂಶಕ್ಕೆ ಹೊಂದಿಸಿದ ಮುಳ್ಳು ದಕ್ಷಿಣ ಗೋಳದಲ್ಲಿ ಒಂದು ತುದಿ ಕೆಳಗೆ ಬಾಗಿ ಬಳೆಗೆ ತಾಗುತ್ತದೆ. ಮುಳ್ಳಿಗೆ ಸುತ್ತಿದ ಸಣ್ಣ ತಂತಿಯನ್ನು ಸರಿಸಿ ಅದನ್ನು ಸರಿಮಾಡಬಹುದು, ಆದರೆ ಅದಕ್ಕೆ ಗಾಜು ತೆಗೆಯಬೇಕು. ಆ ಕೆಲಸವನ್ನು ಬೂದಿ ಹಾರುವ ಇಳಿಜಾರಿನ ಮೇಲೆ ಮಾಡದೆ, ಹೊರಡುವ ಮುಂಚೆ ಒಳಗೆ ಕೂತು ಮುಗಿಸಿಕೊಳ್ಳಿ.